ರಕ್ತದ ಕ್ಯಾನ್ಸರ್‌ಗೆ ಕೊಡುವ ಮೊದಲ ಚಿಕಿತ್ಸೆ ಹೇಗಿರುತ್ತದೆ? ತಿಳಿದವರು ದಯವಿಟ್ಟು ತಿಳಿಸಿ

ಪ್ರಶ್ನೆ: ತೋಟದಮನೆ, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ನಾವು ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯವರು. ನನ್ನ ತಮ್ಮನಿಗೆ ಈಗ ಮೂವತ್ತೊಂದು ವರ್ಷ; ಮನೆಯ ಅಡಿಕೆ ತೋಟವನ್ನು ಅವನೇ ನೋಡಿಕೊಳ್ಳುತ್ತಾನೆ. ಈ ಸಲದ ಕೊನೆಕೊಯ್ಲು ಮುಗಿಯುವ ಹೊತ್ತಿಗೆ ಅವನಿಗೆ ಬಿಟ್ಟು ಬಿಟ್ಟು ಜ್ವರ ಬರತೊಡಗಿತು. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಒಸರುತ್ತಿತ್ತು, ಎಲ್ಲಿಯೂ ತಾಗಿಸಿಕೊಳ್ಳದಿದ್ದರೂ ತೊಡೆಯ ಮೇಲೆ ನೀಲಿ ಕಲೆಗಳು ಮೂಡಿದ್ದವು. ನಮ್ಮ ಭಾಗದಲ್ಲಿ ಈ ಕಾಲದಲ್ಲಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದರೆ ಎಲ್ಲರ ಮನಸ್ಸಿಗೆ ಮೊದಲು ಬರುವುದು ಮಂಗನ ಕಾಯಿಲೆ, ಅದನ್ನು ಬಿಟ್ಟರೆ ಡೆಂಗಿ. ಎರಡರ ಪರೀಕ್ಷೆಯಲ್ಲಿಯೂ ಏನೂ ಸಿಗಲಿಲ್ಲ. ಹಿಮೋಗ್ಲೋಬಿನ್ 7.2, ಬಿಳಿ ರಕ್ತಕಣ 48,000, ಪ್ಲೇಟ್‌ಲೆಟ್ 19,000 ಎಂಬ ವರದಿಯನ್ನು ನೋಡಿದ ಶಿರಸಿಯ ವೈದ್ಯರು, ರಕ್ತದಲ್ಲಿ ಬ್ಲಾಸ್ಟ್ ಎಂಬ ಬಲಿಯದ ಕಣಗಳು ಕಾಣುತ್ತಿವೆಯೆಂದು ಹೇಳಿ, ಅದೇ ದಿನ ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೊರಡಿಸಿದರು. ಅಲ್ಲಿ ಎಲುಬಿನೊಳಗಿನ ಮಜ್ಜೆಯ (ಬೋನ್ ಮ್ಯಾರೋ) ಪರೀಕ್ಷೆ ಮಾಡಿ ಎಎಂಎಲ್, ಅಂದರೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಎಂದು ತಿಳಿಸಿದ್ದಾರೆ.

ಇನ್ನೆರಡು ದಿನಗಳಲ್ಲಿ ಇಂಡಕ್ಷನ್ ಎಂಬ ಮೊದಲ ಸುತ್ತಿನ ಚಿಕಿತ್ಸೆಯನ್ನು ಆರಂಭಿಸಬೇಕು, ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿಯೇ ಇರಬೇಕಾಗುತ್ತದೆ ಎನ್ನುತ್ತಿದ್ದಾರೆ. ವೈದ್ಯರು ಎಲ್ಲವನ್ನೂ ಸಮಾಧಾನದಿಂದಲೇ ಹೇಳಿದರು. ಆದರೆ ಆ ಹೊತ್ತಿನಲ್ಲಿ ನಮ್ಮ ತಲೆಗೆ ಅರ್ಧವೂ ಹೋಗಲಿಲ್ಲ. ಪ್ಲೇಟ್‌ಲೆಟ್ ಈಗಾಗಲೇ ತಳ ಮುಟ್ಟಿರುವಾಗ ಅದನ್ನು ಇನ್ನೂ ಇಳಿಸುವ ಔಷಧಿಯನ್ನು ಕೊಡುವುದೇಕೆ ಎಂಬುದು ನನಗೆ ಅರ್ಥವಾಗಿಲ್ಲ. ಕಾಯಿಲೆ ಎಷ್ಟನೆಯ ಹಂತದಲ್ಲಿದೆ ಎಂದು ಕೇಳಿದರೆ ಇದಕ್ಕೆ ಹಾಗೆ ಹಂತಗಳಿಲ್ಲ ಎಂದರು. ಒಂದು ತಿಂಗಳ ಈ ಚಿಕಿತ್ಸೆಯಿಂದ ಕಾಯಿಲೆ ಪೂರ್ತಿ ಹೋಗುತ್ತದೆಯೇ? ಬೇರೆ ಊರಿನ ವೈದ್ಯರ ಅಭಿಪ್ರಾಯವನ್ನು ಕೇಳುವಷ್ಟು ಸಮಯ ನಮಗಿದೆಯೇ? ಮನೆಯಲ್ಲಿ ಹಿರಿಯರು, ಕೆಲವು ದಿನ ನಾಟಿ ಔಷಧಿಯನ್ನು ನೋಡಿ ಆಮೇಲೆ ಕಿಮೋಗೆ ಹೋಗೋಣ ಎನ್ನುತ್ತಿದ್ದಾರೆ. ಈ ದಾರಿಯಲ್ಲಿ ನಡೆದು ಬಂದವರು, ವಿಷಯ ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ: ಶಾರದಾ ಸಿಸ್ಟರ್, ಕುಮಟಾ

ತಂಗಿ, ನಾನು ಮಂಗಳೂರಿನಲ್ಲಿ ರಕ್ತದ ಕಾಯಿಲೆಗಳ ವಾರ್ಡಿನಲ್ಲಿ ಬಹಳ ವರ್ಷ ಶುಶ್ರೂಷಕಿಯಾಗಿದ್ದೆ. ನಿಮ್ಮ ತಮ್ಮನನ್ನು ನೋಡುತ್ತಿರುವ ವೈದ್ಯರ ಮಾತೇ ಅಂತಿಮ. ಅವರು ಹೇಳಿದ್ದು ನಿಮಗೆ ಸ್ಪಷ್ಟವಾಗಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಿರಿಯರ ಮಾತಿಗೆ ಉತ್ತರ ಕೊಡುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳಿಗೆ ಕಾಯಲು ಸಮಯವಿದೆ, ಇದಕ್ಕಿಲ್ಲ. ಅಕ್ಯೂಟ್ ಎಂಬ ಪದ ಸೇರಿಕೊಂಡಿರುವ ಲ್ಯುಕೇಮಿಯಾಗಳು ದಿನದಿಂದ ದಿನಕ್ಕೆ ಏರುವ ಕಾಯಿಲೆಗಳು. ಚಿಕಿತ್ಸೆಯಿಲ್ಲದಿದ್ದರೆ ವಾರಗಳಲ್ಲಿ, ಹೆಚ್ಚೆಂದರೆ ಕೆಲವೇ ತಿಂಗಳುಗಳಲ್ಲಿ ಜೀವಕ್ಕೆ ಎರವಾಗುತ್ತವೆ. ಪ್ಲೇಟ್‌ಲೆಟ್ 19,000 ಇರುವ, ಜ್ವರವಿರುವ ಹುಡುಗನನ್ನು ಮನೆಗೆ ಕರೆದೊಯ್ದು ಕಷಾಯ ಕುಡಿಸುತ್ತ ಕೂರುವುದನ್ನು ದಯವಿಟ್ಟು ಮಾಡಬೇಡಿ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ರೋಗಿ ಈಗಿರುವ ಹಾಸಿಗೆಯಲ್ಲಿಯೇ ಇರಲಿ, ವರದಿಗಳ ಪ್ರತಿಯನ್ನು ಹಿಡಿದು ಮನೆಯವರೊಬ್ಬರು ಬೆಂಗಳೂರಿನ ಕಿದ್ವಾಯಿಗೋ ಮುಂಬಯಿಯ ಟಾಟಾ ಆಸ್ಪತ್ರೆಗೋ ಹೋಗಿ ಬರಲಿ, ಅಥವಾ ಫೋನಿನಲ್ಲಿ ಮಾತನಾಡಲಿ. ಎಎಂಎಲ್‌ಗೆ ಕೊಡುವ ಮೊದಲ ಚಿಕಿತ್ಸೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೆಚ್ಚು ಬದಲಾಗುವುದಿಲ್ಲ ಎಂಬುದು ನಿಮಗೆ ಧೈರ್ಯ ಕೊಡಬೇಕು.

ಆ ಚಿಕಿತ್ಸೆಯನ್ನು ವಾರ್ಡಿನಲ್ಲಿ ‘ಸೆವೆನ್ ಪ್ಲಸ್ ತ್ರೀ’ ಎಂದು ಕರೆಯುತ್ತಾರೆ. ಸೈಟರಬಿನ್ ಎಂಬ ಔಷಧಿಯನ್ನು ಏಳು ದಿನ, ಹಗಲು ರಾತ್ರಿ ಬಿಡದೆ, ಸಣ್ಣ ಪಂಪಿನ ಮೂಲಕ ರಕ್ತನಾಳಕ್ಕೆ ಹರಿಸುತ್ತಾರೆ. ಮೊದಲ ಮೂರು ದಿನ ಅದರ ಜೊತೆಗೆ ಡೌನೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧಿಯನ್ನೂ ಕೊಡುತ್ತಾರೆ. ಆ ದಿನಗಳಲ್ಲಿ ಮೂತ್ರ ಕೆಂಪಾಗಿ ಹೋದರೆ ರಕ್ತವೆಂದು ಹೆದರಬಾರದು, ಅದು ಔಷಧಿಯ ಬಣ್ಣ. ಈ ಔಷಧಿ ಹೃದಯದ ಸ್ನಾಯುವಿಗೆ ಭಾರವಾಗಬಹುದಾದ್ದರಿಂದ ಮೊದಲೇ ಎಕೋ ಮಾಡಿಸುತ್ತಾರೆ. ಕೈಯ ಸಣ್ಣ ರಕ್ತನಾಳಗಳು ಇವನ್ನು ತಾಳಲಾರವು; ಆದ್ದರಿಂದ ತೋಳಿನಿಂದ ಹೃದಯದ ಹತ್ತಿರದವರೆಗೆ ಹೋಗುವ ಪಿಕ್ ಲೈನ್ ಎಂಬ ತೆಳುವಾದ ಕೊಳವೆಯನ್ನೋ ಕುತ್ತಿಗೆಯ ಬಳಿಯ ಲೈನನ್ನೋ ಹಾಕುತ್ತಾರೆ. ತಮ್ಮನಿಗೆ ಇನ್ನೂ ಮಕ್ಕಳಾಗಬೇಕಿದ್ದರೆ, ಕಿಮೋ ಆರಂಭವಾಗುವ ಮೊದಲೇ ವೀರ್ಯವನ್ನು ಶೇಖರಿಸಿಡುವ ಬಗ್ಗೆ ಕೇಳಿ. ಸಂಕೋಚದಿಂದ ಯಾರೂ ಎತ್ತದ ವಿಷಯವಿದು. ಆರಂಭವಾದ ಮೇಲೆ ಕೇಳಿ ಪ್ರಯೋಜನವಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಪ್ಲೇಟ್‌ಲೆಟ್ ಇಳಿದಿರುವುದು ಅದನ್ನು ಹುಟ್ಟಿಸುವ ಮಜ್ಜೆಯೊಳಗೆ ಬ್ಲಾಸ್ಟ್ ಕಣಗಳು ತುಂಬಿಕೊಂಡಿರುವುದರಿಂದ. ಕಳೆಯೇ ತುಂಬಿದ ಅಗೆಮಡಿಗೆ ಎಷ್ಟು ಗೊಬ್ಬರ ಹಾಕಿದರೂ ಅಗೆ ಮೇಲೇಳುವುದಿಲ್ಲವಷ್ಟೆ. ಆ ಕಣಗಳನ್ನು ತೆಗೆಯದೆ ಕೌಂಟ್ ತಾನಾಗಿ ಏರುವ ದಾರಿ ಇಲ್ಲ, ಅವುಗಳನ್ನು ತೆಗೆಯುವ ಔಷಧಿ ಉಳಿದಿರುವ ಒಳ್ಳೆಯ ಕಣಗಳನ್ನೂ ತಾತ್ಕಾಲಿಕವಾಗಿ ಇಳಿಸದೆ ಬಿಡುವುದಿಲ್ಲ. ಔಷಧಿ ಮುಗಿದ ಮೇಲೆ ಎರಡು ಮೂರು ವಾರ ಮಜ್ಜೆ ಹೆಚ್ಚುಕಡಿಮೆ ಬರಿದಾಗಿರುತ್ತದೆ. ಒಂದು ತಿಂಗಳು ಆಸ್ಪತ್ರೆಯಲ್ಲಿರಬೇಕೆಂದು ಹೇಳುವುದು ಈ ವಾರಗಳಿಗಾಗಿಯೇ. ಕಿಮೋ ಏಳು ದಿನದ್ದು, ಕಾಯುವಿಕೆ ಉಳಿದದ್ದು.

ಈ ಒಂದು ತಿಂಗಳಲ್ಲಿ ಮೂರು ವಿಷಯಗಳ ಮೇಲೆ ಎಲ್ಲರ ಕಣ್ಣಿರುತ್ತದೆ. ಬಿಳಿ ಕಣಗಳು ಹೆಚ್ಚಿರುವಾಗ ಕಿಮೋ ಬಿದ್ದರೆ ಕಣಗಳು ಒಮ್ಮೆಗೇ ಒಡೆದು ಯೂರಿಕ್ ಆಮ್ಲ, ಪೊಟ್ಯಾಶಿಯಂ, ಫಾಸ್ಫೇಟ್ ರಕ್ತಕ್ಕೆ ಸುರಿದು ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಮೊದಲ ದಿನಗಳಲ್ಲಿ ಬಾಟಲಿಗಟ್ಟಲೆ ಸಲೈನ್, ಅಲೊಪ್ಯುರಿನಾಲ್ ಮಾತ್ರೆ, ದಿನಕ್ಕೆ ಒಂದೆರಡು ಸಲ ರಕ್ತಪರೀಕ್ಷೆ ಇರುವುದು ಇದಕ್ಕಾಗಿ. ಎರಡನೆಯದು ರಕ್ತಸ್ರಾವ. ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗಿಳಿದರೆ, ಜ್ವರವೋ ರಕ್ತಸ್ರಾವವೋ ಇದ್ದರೆ ಅದಕ್ಕೂ ಮೊದಲೇ, ಪ್ಲೇಟ್‌ಲೆಟ್ ಕೊಡುತ್ತಾರೆ. ಮೂರನೆಯದು ಸೋಂಕು, ಮತ್ತು ನನ್ನ ಅನುಭವದಲ್ಲಿ ಉಳಿದೆರಡಕ್ಕಿಂತ ಹೆಚ್ಚು ಕಾಡುವುದು ಇದೇ. ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಕಣಗಳು 500ಕ್ಕಿಂತ ಕೆಳಗಿರುವಾಗ ಕೀವು ಕಟ್ಟುವುದಿಲ್ಲ, ಊತ ಕಾಣುವುದಿಲ್ಲ, ಕೆಮ್ಮಿನಲ್ಲಿ ಕಫವೂ ಬಾರದಿರಬಹುದು. ಜ್ವರವೊಂದೇ ಸುಳಿವು. ಆದ್ದರಿಂದ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಕಂಡ ಕೂಡಲೇ, ರಾತ್ರಿ ಎರಡು ಗಂಟೆಯಾದರೂ ಸರಿ, ಸಿಸ್ಟರನ್ನು ಎಬ್ಬಿಸಿ ಹೇಳಬೇಕು. ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ರಕ್ತಕ್ಕೆ ಸೇರಬೇಕೆಂಬುದು ವಾರ್ಡಿನ ನಿಯಮ. ನೀವಾಗಿಯೇ ಪ್ಯಾರಾಸಿಟಮಾಲ್ ಕೊಟ್ಟು ಜ್ವರವನ್ನು ಮರೆಮಾಡಬೇಡಿ. ಐಬುಪ್ರೊಫೆನ್, ಆಸ್ಪಿರಿನ್‌ಗಳನ್ನಂತೂ ಮುಟ್ಟಲೇಬೇಡಿ, ಅವು ಇರುವ ಅಷ್ಟಿಷ್ಟು ಪ್ಲೇಟ್‌ಲೆಟ್ಟುಗಳ ಕೆಲಸವನ್ನೂ ಕೆಡಿಸುತ್ತವೆ.

ಉತ್ತರ: ನಿವೃತ್ತ ಲ್ಯಾಬ್, ಹೊನ್ನಾವರ

ಸಿಸ್ಟರ್ ಚಿಕಿತ್ಸೆಯ ಕಡೆಯಿಂದ ಬರೆದಿದ್ದಾರೆ, ನಾನು ವರದಿಗಳ ಕಡೆಯಿಂದ ಸೇರಿಸುತ್ತೇನೆ. ಪ್ರಯೋಗಾಲಯದಲ್ಲಿದ್ದಾಗ ಮನೆಯವರು ಕಿಟಕಿಯ ಬಳಿ ನಿಂತು ಇದನ್ನೇ ಕೇಳುತ್ತಿದ್ದರು: ಎಷ್ಟನೆಯ ಸ್ಟೇಜು? ಗಡ್ಡೆಯ ಕ್ಯಾನ್ಸರ್ ಒಂದು ಕಡೆ ಹುಟ್ಟಿ ಮತ್ತೊಂದು ಕಡೆಗೆ ಹಬ್ಬುತ್ತದೆ, ಎಲ್ಲಿಯವರೆಗೆ ಹಬ್ಬಿದೆ ಎಂಬುದರ ಮೇಲೆ ಹಂತವನ್ನು ಹೇಳುತ್ತಾರೆ. ರಕ್ತವಾದರೋ ಮೊದಲ ದಿನದಿಂದಲೇ ಇಡೀ ಮೈಯಲ್ಲಿ ಹರಿಯುತ್ತದೆ; ಆದ್ದರಿಂದ ಇಲ್ಲಿ ಹಂತದ ಬದಲು ಅಪಾಯದ ವರ್ಗವನ್ನು ನೋಡುತ್ತಾರೆ. ಆ ವರ್ಗ ಗೊತ್ತಾಗುವುದು ಬ್ಲಾಸ್ಟ್ ಕಣದೊಳಗಿನ ವರ್ಣತಂತುಗಳು ಮತ್ತು ಜೀನುಗಳಲ್ಲಿ ಆಗಿರುವ ಬದಲಾವಣೆಗಳಿಂದ.

ಬೋನ್ ಮ್ಯಾರೋವನ್ನು ಸೊಂಟದ ಹಿಂಭಾಗದ ಎಲುಬಿನಿಂದ ತೆಗೆಯುತ್ತಾರೆ. ಬೆನ್ನುಹುರಿಗೆ ಸೂಜಿ ಹಾಕುತ್ತಾರೆಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ, ಅದು ಸರಿಯಲ್ಲ. ಮಜ್ಜೆಯಲ್ಲಿ ಬ್ಲಾಸ್ಟ್ ಕಣಗಳು ಸಾಮಾನ್ಯವಾಗಿ ಶೇಕಡಾ 5ರೊಳಗೆ ಇರಬೇಕು. ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಕ್ಯೂಟ್ ಲ್ಯುಕೇಮಿಯಾ ಎನ್ನುತ್ತಾರೆ. ಯಾವ ಬಗೆಯದೆಂದು ಫ್ಲೋ ಸೈಟೊಮೆಟ್ರಿ ಎಂಬ ಪರೀಕ್ಷೆ ಒಂದೆರಡು ದಿನಗಳಲ್ಲಿ ಹೇಳುತ್ತದೆ. ವರ್ಣತಂತು ಮತ್ತು ಜೀನುಗಳ ವರದಿ ಬರಲು ಒಂದೆರಡು ವಾರ ಹಿಡಿಯಬಹುದು. ಚಿಕಿತ್ಸೆಯನ್ನು ಅದಕ್ಕಾಗಿ ನಿಲ್ಲಿಸದೆ ಆರಂಭಿಸಿದರೆ, ‘ಪೂರ್ತಿ ವರದಿಯೇ ಬಂದಿಲ್ಲ, ಔಷಧಿ ಶುರು ಮಾಡಿದರು’ ಎಂದು ಸಂಶಯಪಡಬೇಡಿ. ಎಫ್‌ಎಲ್‌ಟಿ3 ಎಂಬ ಜೀನಿನಲ್ಲಿ ಬದಲಾವಣೆ ಸಿಕ್ಕರೆ ಏಳು ದಿನದ ಕಿಮೋ ಮುಗಿದ ಮೇಲೆ ಮಿಡೊಸ್ಟಾರಿನ್‌ನಂತಹ ಮಾತ್ರೆಯನ್ನು ಸೇರಿಸುತ್ತಾರೆ, ಹಾಗಾಗಿ ಆ ವರದಿ ಸ್ವಲ್ಪ ತಡವಾಗಿ ಬಂದರೂ ಉಪಯೋಗಕ್ಕೆ ಬರುತ್ತದೆ.

ಒಂದು ಬಗೆಯನ್ನು ಮಾತ್ರ ಮೊದಲ ದಿನವೇ ಗುರುತಿಸಬೇಕು. ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಎಂಬುದು ಎಎಂಎಲ್ ಕುಟುಂಬದ್ದೇ ಆದರೂ ಅದರಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಹದಗೆಟ್ಟು ಮೊದಲ ವಾರದಲ್ಲೇ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಿದೆ. ಅದರ ಸಂಶಯ ಬಂದ ಕೂಡಲೇ, ಖಚಿತವಾಗುವ ಮುನ್ನವೇ, ಎ ಜೀವಸತ್ವದ ಒಂದು ರೂಪವಾದ ಆಟ್ರಾ ಎಂಬ ಮಾತ್ರೆಯನ್ನು ಆರಂಭಿಸುತ್ತಾರೆ, ಅದರೊಡನೆ ಆರ್ಸೆನಿಕ್ ಟ್ರೈಆಕ್ಸೈಡ್ ಕೊಡುತ್ತಾರೆ. ಮೊದಲ ವಾರಗಳನ್ನು ದಾಟಿದವರಲ್ಲಿ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ನಿಮ್ಮ ತಮ್ಮನ ವರದಿಯಲ್ಲಿ ಈ ಬಗೆ ಇಲ್ಲವೆಂದು ಖಚಿತಪಡಿಸಿಕೊಂಡಿದ್ದಾರೆಯೇ ಎಂದು ಒಂದು ಮಾತು ಕೇಳಿ. ಖಂಡಿತ ನೋಡಿರುತ್ತಾರೆ, ಆದರೂ ಕೇಳುವುದರಿಂದ ನಷ್ಟವಿಲ್ಲ.

ಒಂದು ತಿಂಗಳಲ್ಲಿ ಕಾಯಿಲೆ ಪೂರ್ತಿ ಹೋಗುತ್ತದೆಯೇ ಎಂದು ಕೇಳಿದ್ದೀರಿ. ನಾಲ್ಕನೆಯ ವಾರದ ಹೊತ್ತಿಗೆ ಮತ್ತೊಮ್ಮೆ ಬೋನ್ ಮ್ಯಾರೋ ಮಾಡುತ್ತಾರೆ, ಕೆಲವು ಕಡೆ ಎರಡನೆಯ ವಾರದಲ್ಲಿಯೂ ಒಮ್ಮೆ ನೋಡುತ್ತಾರೆ. ಬ್ಲಾಸ್ಟ್ ಶೇಕಡಾ 5ಕ್ಕಿಂತ ಕೆಳಗಿದ್ದು, ನ್ಯೂಟ್ರೋಫಿಲ್ 1,000 ದಾಟಿ, ಪ್ಲೇಟ್‌ಲೆಟ್ ಒಂದು ಲಕ್ಷ ದಾಟಿದರೆ ‘ಕಂಪ್ಲೀಟ್ ರಿಮಿಷನ್’ ಎಂದು ಬರೆಯುತ್ತಾರೆ. ಇಂಡಕ್ಷನ್‌ನ ಗುರಿ ಅಷ್ಟೇ, ಮತ್ತು ಆ ಗುರಿ ಸಣ್ಣದಲ್ಲ. ಆದರೆ ಆ ಪದವನ್ನು ಓದಿ ಗುಣವಾಯಿತೆಂದು ಮನೆಗೆ ಹೋಗಿ ಮತ್ತೆ ಬಾರದೇ ಇದ್ದವರನ್ನು ನಾನು ಕಂಡಿದ್ದೇನೆ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕಾಯಿಲೆ ಪತ್ತೆಯಾದಾಗ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಲ್ಯುಕೇಮಿಯಾ ಕಣಗಳಿರುತ್ತವೆ ಎಂದು ಅಂದಾಜು. ಸೂಕ್ಷ್ಮದರ್ಶಕದಲ್ಲಿ ಒಂದೂ ಕಾಣದಿದ್ದಾಗಲೂ ನೂರು ಕೋಟಿಯಷ್ಟು ಉಳಿದಿರಬಹುದು. ಅವುಗಳನ್ನು ತೊಡೆಯಲು ಕನ್ಸಾಲಿಡೇಶನ್ ಎಂಬ ಮುಂದಿನ ಸುತ್ತಿನ ಕಿಮೋಗಳು ಬೇಕು. ಅಪಾಯದ ವರ್ಗ ಹೆಚ್ಚಿದ್ದರೆ ಒಡಹುಟ್ಟಿದವರಿಂದಲೋ ಹೊರಗಿನ ದಾನಿಯಿಂದಲೋ ಅಸ್ಥಿಮಜ್ಜೆ ಕಸಿಯನ್ನೂ ಮಾಡಬೇಕಾಗುತ್ತದೆ. ಮೊದಲ ಸುತ್ತಿಗೆ ರಿಮಿಷನ್ ಬಾರದಿದ್ದರೆ ದಾರಿ ಮುಗಿಯಿತೆಂದಲ್ಲ, ಎರಡನೆಯ ಸುತ್ತಿನಲ್ಲಿ ಬರುವವರೂ ಇದ್ದಾರೆ.

ಉತ್ತರ: ಕೋಡಿಬಾಗದ ಅಮ್ಮ, ಕಾರವಾರ

ನಮ್ಮ ಮಗಳಿಗೆ ಬಂದದ್ದು ಎಎಲ್‌ಎಲ್, ಅಂದರೆ ಲಿಂಫೋಬ್ಲಾಸ್ಟಿಕ್ ಬಗೆಯದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಅವಳೀಗ ಶಾಲೆಗೆ ಹೋಗುತ್ತಿದ್ದಾಳೆ. ಅದರ ಇಂಡಕ್ಷನ್ ಬೇರೆ ರೀತಿಯದು: ದಿನವೂ ಸ್ಟೀರಾಯ್ಡ್ ಮಾತ್ರೆ, ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು, ಆಸ್ಪರಾಜಿನೇಸ್, ಜೊತೆಗೆ ಮಿದುಳಿನ ಸುತ್ತಲಿನ ದ್ರವಕ್ಕೆ ಕಾಯಿಲೆ ಸೇರದಂತೆ ಬೆನ್ನಿನ ಮೂಲಕ ಮೆಥೊಟ್ರೆಕ್ಸೇಟ್. ಬೆನ್ನಿಗೆ ಸೂಜಿ ಹಾಕುವುದು ಇದಕ್ಕಾಗಿ. ಮೇಲಿನವರು ಹೇಳಿದ ಬೋನ್ ಮ್ಯಾರೋ ಪರೀಕ್ಷೆಯೇ ಬೇರೆ, ಇದೇ ಬೇರೆ. ಸ್ಟೀರಾಯ್ಡ್‌ನ ಹಸಿವು ಎಂಥದೆಂದು ಯಾರೂ ಮೊದಲೇ ಹೇಳಿರಲಿಲ್ಲ. ನಡುರಾತ್ರಿಯಲ್ಲಿ ಎದ್ದು ಕೂತು ಬಿಸಿ ಅನ್ನ, ಮೀನುಸಾರು ಬೇಕೆಂದು ಅಳುತ್ತಿದ್ದಳು, ಕೆನ್ನೆಗಳು ಊದಿಕೊಂಡಿದ್ದವು, ಕಾಲು ನೋವೆಂದು ಮೆಟ್ಟಿಲು ಹತ್ತುತ್ತಿರಲಿಲ್ಲ. ಎಲ್ಲವೂ ಔಷಧಿ ನಿಂತ ಮೇಲೆ ಇಳಿಯಿತು. ಇಂಡಕ್ಷನ್ ಮುಗಿದ ಮೇಲೂ ಎರಡು ವರ್ಷಕ್ಕೂ ಹೆಚ್ಚು ಕಾಲ ಮಾತ್ರೆಗಳ ಚಿಕಿತ್ಸೆ ನಡೆಯಿತು.

ತಂಗಿ, ನಿಮಗೆ ನಾನು ಹೇಳಬೇಕೆಂದಿರುವುದು ಔಷಧಿಯ ವಿಷಯವಲ್ಲ, ಮನೆಯ ವಿಷಯ. ನಮ್ಮ ಜಿಲ್ಲೆಯಲ್ಲಿ ಈ ಚಿಕಿತ್ಸೆಗಾಗಿ ಜನರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಬೆಂಗಳೂರು, ಕಾರವಾರದ ಕಡೆಯವರಾದರೆ ಗೋವಾ, ಹೀಗೆ ಹೊರಗೇ ಹೋಗಬೇಕಾಗಿದೆ. ಸಿದ್ದಾಪುರದಿಂದ ಘಟ್ಟ ಇಳಿದು ಕರಾವಳಿ ತಲುಪುವಷ್ಟರಲ್ಲಿಯೇ, ಸಿಸ್ಟರ್ ಹೇಳಿದ ಆ ಒಂದು ಗಂಟೆ ಕಳೆದುಹೋಗಿರುತ್ತದೆ. ಆದ್ದರಿಂದ ಡಿಸ್ಚಾರ್ಜ್ ಆದ ಕೂಡಲೇ ಊರಿಗೆ ಓಡಬೇಡಿ. ಮೊದಲ ಕೆಲವು ತಿಂಗಳು ಆಸ್ಪತ್ರೆಗೆ ಹತ್ತಿರದಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿಯಿರಿ, ಅಡುಗೆಯನ್ನು ನೀವೇ ಮಾಡಿಕೊಳ್ಳಿ. ನಾವು ಹಾಗೆ ಮಾಡಿದ್ದರಿಂದ ಮಗಳಿಗೆ ಜ್ವರ ಬಂದ ರಾತ್ರಿ ಆಟೋದಲ್ಲಿ ಹತ್ತು ನಿಮಿಷದಲ್ಲಿ ತುರ್ತು ವಿಭಾಗದಲ್ಲಿದ್ದೆವು. ಬಾಡಿಗೆಯ ದುಡ್ಡು ಹೊರೆಯೆನಿಸುತ್ತದೆ, ನಿಜ. ಆದರೆ ಖರ್ಚಿನಲ್ಲಿ ಕಡಿತ ಮಾಡಲೇಬೇಕೆಂದರೆ ಬೇರೆ ಯಾವುದರಲ್ಲಾದರೂ ಮಾಡಿ.

ರೈಲಿನ ಬಗ್ಗೆಯೂ ಹೇಳುತ್ತೇನೆ. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲ್ವೆಯ ದರದಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಲ್ಲಿ ನಿಗದಿತ ನಮೂನೆಯ ಪ್ರಮಾಣಪತ್ರವನ್ನು ಬರೆಸಿಕೊಳ್ಳಬೇಕು. ನೀವು ಕುಮಟಾ ಅಥವಾ ಹೊನ್ನಾವರಕ್ಕೆ ಇಳಿದರೆ ಕೊಂಕಣ ರೈಲು ಸಿಗುತ್ತದೆ. ಆದರೆ ಕೌಂಟ್ ಇಳಿದಿರುವ ದಿನಗಳಲ್ಲಿ ಜನ ತುಂಬಿದ ಬೋಗಿ ಬೇಡ, ಕಾರು ಮಾಡಿಕೊಳ್ಳಿ.

ಉತ್ತರ: ಅಂಕೋಲೆಯವ

ಒಂದು ಸಣ್ಣ ಮಾತು. ನಿಮ್ಮ ಸಂಬಂಧಿಕರಲ್ಲಿ ಯಾರಾದರೂ, ‘ನಮ್ಮ ಪರಿಚಯದವರೊಬ್ಬರು ಬ್ಲಡ್ ಕ್ಯಾನ್ಸರ್‌ಗೆ ಬರೀ ಮಾತ್ರೆ ತೆಗೆದುಕೊಂಡು ಆರಾಮಾಗಿದ್ದಾರೆ, ನೀವೇಕೆ ಕಿಮೋ ಮಾಡಿಸುತ್ತೀರಿ’ ಎಂದು ಹೇಳಿಯೇ ಹೇಳುತ್ತಾರೆ. ಆ ಪರಿಚಯದವನು ನನ್ನಂಥವನು. ನನಗಿರುವುದು ಸಿಎಂಎಲ್, ನಿಧಾನವಾಗಿ ಬೆಳೆಯುವ ಬಗೆ. 2001ರಲ್ಲಿ ಬಳಕೆಗೆ ಬಂದ ಇಮ್ಯಾಟಿನಿಬ್ ಎಂಬ ಮಾತ್ರೆ ಈ ಕಾಯಿಲೆಯ ಮೂಲವಾದ ಒಂದೇ ಪ್ರೋಟೀನನ್ನು ತಡೆಯುತ್ತದೆ, ನಾನು ಅದನ್ನು ದಿನಕ್ಕೊಮ್ಮೆ ನುಂಗಿ ಅಂಗಡಿ ನಡೆಸುತ್ತಿದ್ದೇನೆ. 2013ರಲ್ಲಿ ಸುಪ್ರೀಂ ಕೋರ್ಟ್ ಇದರ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ನಮ್ಮ ದೇಶದ ಕಂಪನಿಗಳು ಮಾಡುವ ಅಗ್ಗದ ಮಾತ್ರೆ ನನ್ನಂಥವರಿಗೆ ಸಿಗುತ್ತಿದೆ. ಸಿಎಲ್‌ಎಲ್ ಎಂಬ ಮತ್ತೊಂದು ನಿಧಾನದ ಬಗೆಯಲ್ಲಿ ಎಷ್ಟೋ ಜನರಿಗೆ ವರ್ಷಗಟ್ಟಲೆ ಔಷಧಿಯೇ ಬೇಡ, ಆಗಾಗ ರಕ್ತಪರೀಕ್ಷೆ ಮಾಡಿಸಿಕೊಂಡಿದ್ದರೆ ಸಾಕು. ವಯಸ್ಸಾದವರ ಎಎಂಎಲ್‌ಗೂ ಸೆವೆನ್ ಪ್ಲಸ್ ತ್ರೀ ಬದಲು ಅಜಾಸಿಟಿಡಿನ್ ಇಂಜೆಕ್ಷನ್ ಮತ್ತು ವೆನೆಟೊಕ್ಲಾಕ್ಸ್ ಮಾತ್ರೆಯನ್ನು ಕೊಡುವುದುಂಟು. ಹೆಸರೊಂದೇ, ಕಾಯಿಲೆಗಳು ಹಲವು. ನನ್ನ ಮಾತ್ರೆ ನಿಮ್ಮ ತಮ್ಮನ ಕಾಯಿಲೆಗೆ ನಾಟುವುದಿಲ್ಲ, ಆದ್ದರಿಂದ ಯಾರ ಹೋಲಿಕೆಯನ್ನೂ ಮನಸ್ಸಿಗೆ ಹಚ್ಚಿಕೊಳ್ಳದೆ ನಾಳೆಯೇ ಚಿಕಿತ್ಸೆಗೆ ಒಪ್ಪಿಗೆ ಕೊಡಿ.

ಮರುಪ್ರಶ್ನೆ: ತೋಟದಮನೆ, ಸಿದ್ದಾಪುರ

ನೀವೆಲ್ಲ ಇಷ್ಟು ಅಕ್ಕರೆಯಿಂದ ಬರೆದದ್ದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಇದನ್ನೆಲ್ಲ ಮನೆಯಲ್ಲಿ ಅಪ್ಪಯ್ಯನ ಮುಂದೆ ಓದಿ ಹೇಳಿದೆ, ಅವರು ಒಪ್ಪಿದರು. ಪಿಕ್ ಲೈನ್ ಹಾಕಿಯಾಗಿದೆ, ಇಂದು ಸಂಜೆ ಮೊದಲ ಔಷಧಿ ಆರಂಭವಾಗುತ್ತದೆ. ಹೊನ್ನಾವರದವರು ಹೇಳಿದ ಬಗೆಯನ್ನು ವೈದ್ಯರಲ್ಲಿ ಕೇಳಿದೆ, ಅದು ಅಲ್ಲವೆಂದು ಖಚಿತವಾಗಿದೆಯಂತೆ.

ಇನ್ನು ಮೂರು ಸಂದೇಹಗಳಿವೆ. ರಕ್ತ ಮತ್ತು ಪ್ಲೇಟ್‌ಲೆಟ್ ಕೊಡಲು ನಾನು, ನಮ್ಮಣ್ಣ, ದೊಡ್ಡಪ್ಪನ ಮಕ್ಕಳು ಎಲ್ಲರೂ ತಯಾರಾಗಿ ನಿಂತಿದ್ದೇವೆ. ಆದರೆ ಒಡಹುಟ್ಟಿದವರು ಕೊಡುವುದು ಬೇಡವೆಂದು ರಕ್ತನಿಧಿಯಲ್ಲಿ ಹೇಳಿದರು, ಏಕೆಂದು ತಿಳಿಯಲಿಲ್ಲ. ಊಟಕ್ಕೆ ಅಮ್ಮ ಒಂದೆಲಗದ ತಂಬುಳಿ, ಅಮೃತಬಳ್ಳಿಯ ಕಷಾಯ ಕಳಿಸುತ್ತೇನೆ ಎನ್ನುತ್ತಾರೆ. ಖರ್ಚಿನ ಬಗ್ಗೆ ಆಯುಷ್ಮಾನ್ ಕಾರ್ಡ್ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಶಾರದಾ ಸಿಸ್ಟರ್, ಕುಮಟಾ

ಚಿಕಿತ್ಸೆ ಆರಂಭವಾಯಿತೆಂದು ಓದಿ ಸಮಾಧಾನವಾಯಿತು.

ರಕ್ತನಿಧಿಯವರು ಹೇಳಿದ್ದು ಸರಿ. ತಮ್ಮನಿಗೆ ಮುಂದೆ ಮಜ್ಜೆಯ ಕಸಿ ಬೇಕಾದರೆ ಮೊದಲು ನೋಡುವುದು ಒಡಹುಟ್ಟಿದವರನ್ನು. ಒಬ್ಬೊಬ್ಬರೂ ಪೂರ್ತಿ ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿಮ್ಮ ರಕ್ತವನ್ನು ಈಗಲೇ ಅವನಿಗೆ ಕೊಟ್ಟರೆ ಅವನ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಂಡು, ಮುಂದೆ ನಿಮ್ಮ ಮಜ್ಜೆಯನ್ನೇ ತಿರಸ್ಕರಿಸಬಹುದು. ಹತ್ತಿರದ ರಕ್ತಸಂಬಂಧಿಯ ರಕ್ತದಲ್ಲಿರುವ ಬಿಳಿ ಕಣಗಳು ರೋಗಿಯ ಮೈಯ ಮೇಲೆಯೇ ತಿರುಗಿ ಬೀಳುವ ಅಪಾಯವೂ ಇದೆ. ಇಂಥ ರೋಗಿಗಳಿಗೆ ಕೊಡುವ ರಕ್ತಕ್ಕೆ ವಿಕಿರಣ ಹಾಯಿಸುವುದು ಅದನ್ನು ತಪ್ಪಿಸಲು. ಹಾಗಾಗಿ ಅಪ್ಪಯ್ಯ, ಅಮ್ಮ, ನೀವು, ಅಣ್ಣ ಹಿಂದೆ ಸರಿಯಿರಿ, ದೊಡ್ಡಪ್ಪನ ಮಕ್ಕಳೂ ಬೇಡ. ರಕ್ತಸಂಬಂಧವಿಲ್ಲದ ಅಳಿಯಂದಿರು, ಊರಿನ ಗೆಳೆಯರು, ಯುವಕ ಸಂಘದವರು ಮುಂದೆ ಬರಲಿ.

ಅವರನ್ನು ಒಂದೇ ದಿನ ಗಾಡಿ ತುಂಬಿಸಿಕೊಂಡು ಬರಬೇಡಿ. ಪ್ಲೇಟ್‌ಲೆಟ್ಟನ್ನು ಐದು ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳಲಾಗುವುದಿಲ್ಲ. ಎಸ್‌ಡಿಪಿ ಎಂಬ ಯಂತ್ರದ ವಿಧಾನದಲ್ಲಿ ಒಬ್ಬ ದಾನಿಯಿಂದಲೇ ಸಾಕಷ್ಟು ಪ್ಲೇಟ್‌ಲೆಟ್ ಸಿಗುತ್ತದೆ, ಆ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಬಹುದು, ಉಳಿದ ರಕ್ತ ಅವನಿಗೇ ಮರಳುತ್ತದೆ. ದಾನಿಯ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು, ಕೈಯ ರಕ್ತನಾಳ ದಪ್ಪವಿರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ಹೆಸರು, ಗುಂಪು, ಫೋನ್ ನಂಬರ್ ಬರೆದ ಪಟ್ಟಿಯನ್ನು ಮಾಡಿಕೊಂಡು ಸರದಿಯಂತೆ ಕರೆಸಿ; ಎರಡನೆಯ ಮತ್ತು ಮೂರನೆಯ ವಾರಕ್ಕೆ ಹೆಚ್ಚು ಜನರನ್ನು ಇಟ್ಟುಕೊಳ್ಳಿ.

ಊಟದ ವಿಷಯದಲ್ಲಿ, ತೀರ ಕಟ್ಟುನಿಟ್ಟಿನ ಪಥ್ಯದಿಂದ ಸೋಂಕು ಕಡಿಮೆಯಾಗುತ್ತದೆಂದು ಅಧ್ಯಯನಗಳಲ್ಲಿ ಸಿದ್ಧವಾಗಿಲ್ಲ. ಶುಚಿತ್ವ ಮಾತ್ರ ಯಾವಾಗಲೂ ಬೇಕು. ಬೇಯಿಸಿದ್ದು, ಬಿಸಿಯಾದದ್ದು, ಆಗಲೇ ಮಾಡಿದ್ದು ಕೊಡಿ. ಗಂಜಿ, ಇಡ್ಲಿ, ತೊವ್ವೆ, ಚೆನ್ನಾಗಿ ಬೆಂದ ಪಲ್ಯ ಒಳ್ಳೆಯದು. ಹಸಿ ಎಲೆಯನ್ನು ರುಬ್ಬಿ ಮಜ್ಜಿಗೆಗೆ ಹಾಕುವ ತಂಬುಳಿ, ಕೋಸಂಬರಿ, ಹೊರಗೆ ಹೆಚ್ಚಿಟ್ಟ ಹಣ್ಣು ಕೌಂಟ್ ಏರುವವರೆಗೆ ಬೇಡ. ಬಾವಿ ನೀರನ್ನು ಕುದಿಸಿ ಆರಿಸಿ ಕೊಡಿ. ಬಾಯಿ ಹುಣ್ಣಾಗಿ ಅನ್ನ ನುಂಗಲಾಗದ ದಿನಗಳು ಬರುತ್ತವೆ, ಆಗ ಖಾರ ಹುಳಿ ಇಲ್ಲದ ತೆಳು ಗಂಜಿಯೇ ಗತಿ. ಅಮೃತಬಳ್ಳಿಯ ಕಷಾಯವನ್ನು ಮಾತ್ರ ಖಂಡಿತ ಕೊಡಬೇಡಿ. ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಕೋವಿಡ್ ಕಾಲದಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ, ಕಿಮೋ ಔಷಧಿಗಳೂ ಶಿಲೀಂಧ್ರದ ಔಷಧಿಗಳೂ ಆ ಯಕೃತ್ತಿನ ಮೂಲಕವೇ ಹಾದುಹೋಗಬೇಕು. ಅಮ್ಮನಿಗೆ ಬೇಸರವಾಗದ ಹಾಗೆ ಹೇಳಿ, ಅವರ ಕೈಯ ಗಂಜಿಯೇ ಈಗ ಅವನಿಗೆ ಔಷಧಿಗೆ ಸಮ.

ಕಾರ್ಡಿನ ಬಗ್ಗೆ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಂತೆ ಒಂದೂವರೆ ಲಕ್ಷದವರೆಗೆ ನೆರವು ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಕೇಳುವುದರಿಂದ ಅಣ್ಣನನ್ನು ಇವತ್ತೇ ಅದಕ್ಕೆ ಓಡಾಡಿಸಿ, ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಂಡು ಮಾತನಾಡಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದದ್ದು. ತಮ್ಮ ತೋಟದವನು, ಸ್ವಲ್ಪ ಚೇತರಿಸಿಕೊಂಡ ಕೂಡಲೇ ಅಡಿಕೆ ಸುಲಿಯುವಲ್ಲಿ ಹೋಗಿ ಕೂರುತ್ತಾನೆ, ಕೊಟ್ಟಿಗೆಗೆ ಇಣುಕುತ್ತಾನೆ. ಒಣಗಿದ ದರಕು, ಗೊಬ್ಬರಗುಂಡಿ, ಬೂಸಲು ಹಿಡಿದ ಅಡಿಕೆ ಸಿಪ್ಪೆ ಇವುಗಳಲ್ಲಿ ಶಿಲೀಂಧ್ರದ ಕಣಗಳು ತುಂಬಿರುತ್ತವೆ, ಬಿಳಿ ಕಣಗಳಿಲ್ಲದವರ ಶ್ವಾಸಕೋಶದಲ್ಲಿ ಅವು ಬೇರೂರಿದರೆ ತೆಗೆಯುವುದು ಬಹಳ ಕಷ್ಟ. ಕನ್ಸಾಲಿಡೇಶನ್ ಎಲ್ಲ ಮುಗಿದು ವೈದ್ಯರು ಸರಿಯೆನ್ನುವವರೆಗೆ ತೋಟದ ಕೆಲಸವನ್ನು ಅಣ್ಣನಿಗೋ ಪಾಲುದಾರರಿಗೋ ವಹಿಸಿ, ಈ ಮಾತನ್ನು ಅವನಿಗೆ ಆಸ್ಪತ್ರೆಯಲ್ಲಿರುವಾಗಲೇ ವೈದ್ಯರ ಬಾಯಿಂದ ಹೇಳಿಸಿ.